ಕಾಳುಮೆಣಸಿನಲ್ಲಿ ನಿಜವಾಗಿ ಔಷಧಿ ಗುಣ ಇದೆಯಾ? ಹೇಗೆ ಬಳಸಬೇಕು?

ಖಂಡಿತ ಇದೆ. ಆದರೆ ಅದರ ದೊಡ್ಡ ಗುಣ ಕೆಮ್ಮು-ಶೀತಕ್ಕೆ ಸಂಬಂಧಿಸಿದ್ದಲ್ಲ.

ಮೆಣಸಿನ ಖಾರಕ್ಕೆ ಕಾರಣ ಪೈಪರಿನ್ ಎಂಬ ಅಂಶ. 1819ರಲ್ಲಿ ಇದನ್ನು ಮೊದಲು ಬೇರ್ಪಡಿಸಿದವರು ವಿಜ್ಞಾನಿ ಓರ್ಸ್ಟೆಡ್. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ನಂಟಿದೆ ಎಂದು ತೋರಿಸಿದರಲ್ಲ, ಅವರೇ! ನಾವು ತಿಂದ ಎಷ್ಟೋ ವಸ್ತುಗಳನ್ನು ಕರುಳು, ಲಿವರ್‌ಗಳ ಕಿಣ್ವಗಳು ಬೇಗ ಒಡೆದು ಹೊರಹಾಕುತ್ತವೆ. ಪೈಪರಿನ್ ಆ ಕೆಲಸವನ್ನು ನಿಧಾನ ಮಾಡುತ್ತದೆ, ಹಾಗಾಗಿ ಅಂಥ ವಸ್ತುಗಳು ರಕ್ತಕ್ಕೆ ಹೆಚ್ಚು ಸೇರುತ್ತವೆ. ಮೆಣಸಿನ ದೊಡ್ಡ ಗುಣ ಇದೇ. ಉದಾಹರಣೆಗೆ, ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ರಕ್ತಕ್ಕೆ ಸೇರುವುದೇ ಕಷ್ಟ. 1998ರ ಒಂದು ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಹಾಗೆ ಸೇರುವ ಪ್ರಮಾಣ 2000% ಜಾಸ್ತಿಯಾಯಿತು. ಅರಿಶಿನದ ಜೊತೆ ಚಿಟಿಕೆ ಮೆಣಸು ಸೇರಿಸಿ ಅನ್ನುವುದು ಸುಮ್ನೆ ಅಲ್ಲ.

ಗಂಟಲು ಕೆರೆತಕ್ಕೆ ಮೆಣಸಿನ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಬಹುದು. ಹಿತ ಅನ್ನಿಸುತ್ತದೆ, ಆದರೆ ಅಷ್ಟರಿಂದಲೇ ಕಾಯಿಲೆ ವಾಸಿಯಾಗುವುದಿಲ್ಲ. ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ. ಎದೆಯುರಿ, ಅಲ್ಸರ್ ಇರುವವರು ಮೆಣಸು ಕಡಿಮೆ ಮಾಡಿ.

ಫಿಟ್ಸ್‌ಗೆ ಫೆನಿಟೋಯಿನ್, ಬಿಪಿಗೆ ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಪೈಪರಿನ್ ಮಾತ್ರೆ ನುಂಗಬೇಡಿ. ರಕ್ತದಲ್ಲಿ ಆ ಔಷಧಿಗಳ ಪ್ರಮಾಣವೂ ಏರಬಹುದು. ಅಡುಗೆಗೆ ಹಾಕುವ ಚಿಟಿಕೆ ಮೆಣಸಿಗೆ ಸಾಮಾನ್ಯವಾಗಿ ಇಷ್ಟು ಯೋಚಿಸಬೇಕಿಲ್ಲ.