ಮ್ಯೂಸಿಯಂ ಕಟ್ಟಡಗಳು ಕಾಲಕ್ಕೆ ತಕ್ಕಂತೆ ಹೇಗೆ ಬದಲಾಗುತ್ತವೆ?

ಮುಖ್ಯ ಉಪಾಯ ಒಂದಿದೆ: ಒಳಗೋಡೆಗಳನ್ನು ಕಾಯಂ ಮಾಡಬಾರದು. 1977ರಲ್ಲಿ ತೆರೆದ ಪ್ಯಾರಿಸ್‌ನ ಪಾಂಪಿಡೂ ಸೆಂಟರ್ ನೋಡಿ. ನೀರಿನ ಪೈಪು, ಗಾಳಿಯ ಕೊಳವೆ, ಎಸ್ಕಲೇಟರ್ ಎಲ್ಲವೂ ಹೊರಗಡೆ. ಕಾರ್ಖಾನೆ ಥರ ಕಾಣುತ್ತದೆ, ಅಲ್ವಾ? ಆದರೆ ಅದು ಸುಮ್ನೆ ಶೋಕಿಗಲ್ಲ. ಒಳಗೆ ಕಂಬಗಳ ಅಡ್ಡಿಯಿಲ್ಲದ ದೊಡ್ಡ ಜಾಗ ಸಿಗುತ್ತದೆ. ಪ್ರತಿ ಪ್ರದರ್ಶನಕ್ಕೂ ತಾತ್ಕಾಲಿಕ ಗೋಡೆಗಳನ್ನು ಬೇಕಾದಂತೆ ನಿಲ್ಲಿಸಬಹುದು.

ಹಳೆಯ ಕಟ್ಟಡವಾದರೂ ನಡೆಯುತ್ತದೆ. ಲಂಡನ್ನಿನ ಟೇಟ್ ಮಾಡರ್ನ್ ಕಲಾ ಮ್ಯೂಸಿಯಂ ಮೊದಲು ವಿದ್ಯುತ್ ಸ್ಥಾವರವಾಗಿತ್ತು. ಟರ್ಬೈನ್ ಇದ್ದ ಜಾಗದಲ್ಲೇ ಈಗ ಭಾರಿ ಕಲಾಕೃತಿಗಳನ್ನು ಇಡುತ್ತಾರೆ.

ನನಗೆ ಜಾಸ್ತಿ ಇಷ್ಟವಾದದ್ದು ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಮ್‌ನ ‘ಡಿಪೋ’ ಎಂಬ ಮ್ಯೂಸಿಯಂ ಗೋದಾಮು. ದೊಡ್ಡ ಮ್ಯೂಸಿಯಂಗಳ ಬಹುಪಾಲು ವಸ್ತುಗಳು ಗೋದಾಮಿನಲ್ಲೇ ಉಳಿಯುತ್ತವೆ. ಇಲ್ಲಿ 2021ರಿಂದ ಆ ಗೋದಾಮನ್ನೇ ಜನರಿಗೆ ತೆರೆದಿಟ್ಟಿದ್ದಾರೆ. ಚಿತ್ರಗಳ ರಿಪೇರಿಯನ್ನೂ ಗಾಜಿನಾಚೆ ನಿಂತು ನೋಡಬಹುದು.