ಮಳೆ ಕೈ ಕೊಟ್ಟರೆ ಖುಷಿಪಡಬೇಕಾ?

ನಿಮ್ಮ ಪ್ರಶ್ನೆ ಇದು: ಮನೆಮಾತು ತಮಿಳು, ಊರು ಕೆ.ಜಿ.ಎಫ್., ಈಗ ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ‘ಈ ಸಲ ಮಳೆ ಕೈ ಕೊಡ್ತು’ ಎಂದ ರೈತರಿಗೆ ನೀವು ‘ಒಳ್ಳೇದಾಯ್ತು’ ಅಂದಿರಿ, ಅವರು ಸಿಟ್ಟಾದರು. ಎಡವಿದ್ದೆಲ್ಲಿ?

ತಮಿಳಿನಲ್ಲಿ ‘ಮಳೈ ಕೈ ಕೊಡುತ್ತದು’ ಅಂದರೆ ಮಳೆ ಕಾಪಾಡಿತು. ಕನ್ನಡದಲ್ಲಿ ಅದೇ ಪದಗಳಿಗೆ ಪೂರಾ ಉಲ್ಟಾ ಅರ್ಥ: ನೆಚ್ಚಿಕೊಂಡಿದ್ದ ಮಳೆ ಬರಲೇ ಇಲ್ಲ. ತೆಲುಗಿನವರು ಇಲ್ಲಿ ಎಡವುವುದಿಲ್ಲ, ಅವರ ‘ಚೆಯ್ಯಿಚ್ಚಾಡು’ ಕೂಡ ಮೋಸವೇ. ನೀವು ಅಂದುಕೊಂಡ ಅರ್ಥಕ್ಕೆ ಕನ್ನಡದಲ್ಲಿ ‘ಕೈ ಹಿಡೀತು’ ಅನ್ನಬೇಕು. ‘ಟೊಮ್ಯಾಟೊ ಕೈ ಹಿಡೀತು’ ಅಂದರೆ ನಾಲ್ಕು ಕಾಸು ಉಳೀತು. ‘ಕೈ ಕಚ್ತು’ ಅಂದರೆ ಹಾಕಿದ ದುಡ್ಡೂ ಹುಟ್ಟಲಿಲ್ಲ.

ಹಾಗಂತ ‘ಕೈ ಕೊಡು’ ಯಾವಾಗಲೂ ಕೆಟ್ಟದ್ದಲ್ಲ. ‘ಬಾಕ್ಸ್ ಎತ್ತೋಕೆ ಸ್ವಲ್ಪ ಕೈ ಕೊಡಪ್ಪಾ’ ಅಂದರೆ ನೆರವು ಕೇಳುತ್ತಿದ್ದಾರೆ. ಕೇಳಿಕೊಳ್ಳುವಾಗ ನೆರವು, ಆಗಿಹೋದದ್ದನ್ನು ಹೇಳುವಾಗ ಬಹುಮಟ್ಟಿಗೆ ಮೋಸ ಅಂತ ಇಟ್ಟುಕೊಳ್ಳಿ. ಮನುಷ್ಯರೇ ಆಗಬೇಕಿಲ್ಲ: ಬೋರ್‌ವೆಲ್ ಮೋಟಾರು, ಕರೆಂಟು, ಆರೋಗ್ಯ, ಎಲ್ಲವೂ ಕೈ ಕೊಡುತ್ತವೆ. ಚುನಾವಣೆ ಹೊತ್ತಿನಲ್ಲಿ ಪತ್ರಿಕೆಗಳಲ್ಲಿ ‘ಕೈ ಅಭ್ಯರ್ಥಿ’ ಅಂತ ಕಂಡರೆ ಅದು ಕಾಂಗ್ರೆಸ್, ಪಕ್ಷದ ಗುರುತಿನಿಂದ ಬಂದ ಹೆಸರು.

ಉಳಿದ ನುಡಿಗಟ್ಟುಗಳನ್ನು ಬಾಯಿಪಾಠ ಮಾಡುವ ಬದಲು ‘ಕೈ’ಗಿಂತ ಮುಂಚೆ ಬಂದ ಪದದ ವಿಭಕ್ತಿಯನ್ನೋ ‘ಮೇಲೆ’, ‘ಜೊತೆ’ಯಂಥ ಪದವನ್ನೋ ನೋಡಿ, ಅರ್ಥ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ. ‘ಕೆಲಸಕ್ಕೆ ಕೈ ಹಾಕಿದ’: ಶುರು ಮಾಡಿದ. ‘ಅವನ ಮೇಲೆ ಕೈ ಹಾಕಿದ’: ಹೊಡೆದಾಟಕ್ಕೆ ಇಳಿದ, ಹೆಣ್ಣುಮಕ್ಕಳ ವಿಷಯದಲ್ಲಾದರೆ ಇನ್ನೂ ಗಂಭೀರವಾದ ಆರೋಪ, ನೋಡಿಕೊಂಡು ಬಳಸಿ. ‘ಅವರ ಜೊತೆ ಕೈ ಜೋಡಿಸಿದ’ ಅಂದರೆ ಒಂದಾಗಿ ಸೇರಿಕೊಂಡ, ‘ಅವರಿಗೆ ಕೈ ಜೋಡಿಸಿದ’ ಅಂದರೆ ನಮಸ್ಕಾರ ಮಾಡಿದ ಅಂತಲೂ ಆಗಬಹುದು, ನೆರವಾದ ಅಂತಲೂ ಆಗಬಹುದು, ಸಂದರ್ಭ ನೋಡಿ. ‘ಮಗನ ಮೇಲೆ ಕೈ ಎತ್ತಿದ’ ಅಂದರೆ ಹೊಡೆಯಲು ಹೋದ. ಮುಂಚೆ ಇಂಥ ಯಾವ ಪದವೂ ಇಲ್ಲದೆ ‘ಕೈ ಎತ್ತಿಬಿಟ್ಟ’ ಅಂದರೆ ತನ್ನಿಂದಾಗದು ಅಂತ ಜಾರಿಕೊಂಡ. ಆದರೆ ‘ಅಡುಗೆಯಲ್ಲಿ ಎತ್ತಿದ ಕೈ’ ಅನ್ನುವುದು ದೊಡ್ಡ ಹೊಗಳಿಕೆ.

ಬರೆಯುವಾಗ ಇನ್ನೊಂದು ಎಚ್ಚರ ಬೇಕು. ‘ಕೈ’ಗೇ ‘ಅನ್ನು’ ಹಚ್ಚಿದರೆ ನುಡಿಗಟ್ಟು ಒಡೆದು ಬರೀ ಅಂಗ ಉಳಿಯುತ್ತದೆ. ‘ಮಳೆ ಕೈಯನ್ನು ಕೊಟ್ಟಿತು’ ಅಂತ ಯಾರೂ ಅನ್ನುವುದಿಲ್ಲ.

ಮಂಡಿಯಲ್ಲಿ ದಿನಾ ಕಿವಿಗೆ ಬೀಳುವುದು ‘ಕೈಗಡ’, ನಿಮ್ಮ ತಮಿಳಿನ ‘ಕೈಮಾತ್ತು’. ಬಡ್ಡಿಯಿಲ್ಲ, ಪತ್ರವಿಲ್ಲ, ನಾಲ್ಕು ದಿನದಲ್ಲಿ ವಾಪಸ್ ಕೊಡಬೇಕು. ‘ಕೈ ಬಿಸಿ ಮಾಡು’ ಅಂದರೆ ಲಂಚ ಕೊಡು ಅಂತ, ಅದನ್ನು ಸಂಬಳ ಕೊಡುವುದಕ್ಕೆ ಬಳಸಬೇಡಿ. ಕೈದಿ, ಕೈಫಿಯತ್ತುಗಳಲ್ಲಿ ಕೈ ಹುಡುಕಬೇಡಿ, ಅವು ಅರಬ್ಬಿ-ಪಾರ್ಸಿ ಕಡೆಯಿಂದ ಬಂದವು.

ಕೊನೆಗೆ ‘ಕೈಲಿ’. ಇದನ್ನು ಒಂದು ಪ್ರತ್ಯಯ ಅಂತಲೇ ಕಲಿಯಿರಿ. ‘ಡ್ರೈವರ್ ಕೈಲಿ ಹೇಳಿ ಕಳಿಸಿ’ ಅಂದರೆ ಅವನ ಮೂಲಕ. ‘ನನ್ನ ಕೈಲಿ ಆಗಲ್ಲ’ ಅಂದರೆ ನನ್ನಿಂದ ಆಗದು. ಅಂಗದ ನೆನಪು ಎಷ್ಟು ಅಳಿಸಿಹೋಗಿದೆ ಅಂದರೆ ‘ನನ್ನ ಕೈಲಿ ಓಡೋಕಾಗಲ್ಲ’ ಅನ್ನುವುದೂ ಸರಿಯಾದ ಕನ್ನಡವೇ.