30 ಆಂಪಿಯರ್ ಫ್ಯೂಸ್ ಹೋದರೆ 40ರದ್ದು ಹಾಕಬಹುದೇ?

ಪ್ರಶ್ನೆ: ನನ್ನ ಕಾರಿನ ಆಂಪ್ಲಿಫೈಯರ್ ಮೇಲೆ 1000 ವಾಟ್ ಎಂದು ಬರೆದಿದೆ. ಅದರಲ್ಲಿ 30 ಆಂಪಿಯರ್‌ನ ಎರಡು ಫ್ಯೂಸ್ ಇವೆ. ಅಂದರೆ ಅದು ಯಾವಾಗಲೂ 60 ಆಂಪಿಯರ್ ಎಳೆಯುತ್ತದೆಯೇ? ಹೋದ ತಿಂಗಳು ಇನ್ನೊಂದು ಸಬ್‌ವೂಫರ್ (ದಪ್ಪ ಸದ್ದಿನ ಸ್ಪೀಕರ್) ಸೇರಿಸಿದೆ. ಆಮೇಲೆ ಎರಡು ಸಲ ಫ್ಯೂಸ್ ಹೋಯಿತು. 40ರದ್ದು ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ ಗೆಳೆಯರು. ಹಾಕಲೇ?

ಉತ್ತರ: ದಯವಿಟ್ಟು ಹಾಕಬೇಡಿ. ಫ್ಯೂಸ್ ಯಾಕೆ ಹೋಯಿತು ಎನ್ನುವುದಕ್ಕೆ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ಅದಕ್ಕೂ ಮೊದಲು 60 ಆಂಪಿಯರ್‌ನ ಮಾತು ಮುಗಿಸೋಣ.

ಫ್ಯೂಸ್ ಮೇಲಿನ ಅಂಕಿ ಈಗ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಹೇಳುವುದಿಲ್ಲ. ಎಷ್ಟರವರೆಗೆ ಹರಿಯಬಹುದು ಎಂದಷ್ಟೇ ಹೇಳುತ್ತದೆ. ಹಾಡಿಲ್ಲದೆ ಸುಮ್ನೆ ಆನ್ ಆಗಿರುವ ಆಂಪ್ಲಿಫೈಯರ್‌ಗೆ ಒಂದೆರಡು ಆಂಪಿಯರ್ ಸಾಕು. ಜೋರಾಗಿ ಹಾಡುವಾಗಲೂ ಕರೆಂಟ್ ಒಂದೇ ಸಮ ಇರುವುದಿಲ್ಲ, ಡ್ರಮ್‌ನ ಏಟು ಬಿದ್ದಾಗ ಕರೆಂಟ್ ಮೇಲೇರುತ್ತದೆ, ಮರುಕ್ಷಣ ಇಳಿಯುತ್ತದೆ. ಹಾಗಾಗಿ ಹಾಡು ಕೇಳುವಾಗಿನ ಸರಾಸರಿ ಸಾಮಾನ್ಯವಾಗಿ ಗರಿಷ್ಠ ಮಿತಿಯ ಮೂರನೇ ಒಂದು ಭಾಗದ ಆಸುಪಾಸಿನಲ್ಲೋ ಇನ್ನೂ ಕೆಳಗೋ ಇರುತ್ತದೆ.

ಆದರೆ ಈ ಅಂಕಿಯಿಂದ ಒಂದು ದೊಡ್ಡ ಉಪಕಾರವಿದೆ. ಡಬ್ಬದ ಮೇಲಿನ ವಾಟ್ ನಿಜವೋ ಅಲ್ಲವೋ ಎಂದು ನೀವೇ ಪರೀಕ್ಷಿಸಬಹುದು. ಇಂಜಿನ್ ಓಡುವಾಗ ಸುಮಾರು 13.8 ವೋಲ್ಟ್ ಸಿಗುತ್ತದೆ. ಅದನ್ನು 60ರಿಂದ ಗುಣಿಸಿ: 828 ವಾಟ್. ಇದು ಒಳಗೆ ಹೋಗುವ ಶಕ್ತಿ. ಹೊರಗೆ ಬರುವುದು ಇದಕ್ಕಿಂತ ಕಡಿಮೆ, ಏಕೆಂದರೆ ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆಂಪ್ಲಿಫೈಯರ್‌ಗಳಲ್ಲಿ ಕ್ಲಾಸ್ ಎಬಿ, ಕ್ಲಾಸ್ ಡಿ ಎಂಬ ಬಗೆಗಳಿವೆ. ಕ್ಲಾಸ್ ಎಬಿ ಆದರೆ ಅರ್ಧಕ್ಕಿಂತ ತುಸು ಜಾಸ್ತಿ ಸ್ಪೀಕರ್‌ಗೆ ತಲುಪುತ್ತದೆ. ಕ್ಲಾಸ್ ಡಿ ಆದರೆ ನೂರಕ್ಕೆ 80ರಷ್ಟು, ಅಂದರೆ 660 ವಾಟ್ ಸುಮಾರಿಗೆ. ಒಳಗೆ ಹೋಗುವುದೇ 828 ಇರುವಾಗ ಹೊರಗೆ ಸತತವಾಗಿ 1000 ಬರಲು ಸಾಧ್ಯವಿಲ್ಲ, ಅಲ್ವಾ?

ಸ್ಟೀರಿಯೋ ಮೇಲೆ ಬರೆಯುವ ‘50 ವಾಟ್ × 4’ ಕೂಡ ಇದೇ ಜಾತಿ. ಅದರ ಹಿಂದಿರುವ ಫ್ಯೂಸ್ ಹೆಚ್ಚಾಗಿ 10 ಅಥವಾ 15 ಆಂಪಿಯರ್‌ನದು. 10 ಆಂಪಿಯರ್ ಎಂದರೆ 138 ವಾಟ್, 200 ಎಲ್ಲಿಂದ ಬರಬೇಕು? 14.4 ವೋಲ್ಟನ್ನು ಅದರಿಂದಲೇ ಗುಣಿಸಿ ಸ್ಪೀಕರ್‌ನ 4 ಓಮ್‌ನಿಂದ (ಓಮ್ ಎಂದರೆ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ) ಭಾಗಿಸಿದರೆ 52 ಸಿಗುತ್ತದೆ. ಆ 50ರ ಮೂಲ ಅದೇ. ಬ್ಯಾಟರಿಯ ಪೂರ್ತಿ ವೋಲ್ಟೇಜ್ ಸ್ಪೀಕರ್ ಮೇಲೆ ಬಿಡುವಿಲ್ಲದೆ ಬಿದ್ದರೆ ಮಾತ್ರ ಅಷ್ಟು ಬರುತ್ತದೆ. ಸ್ವಚ್ಛವಾದ ಧ್ವನಿಯಲ್ಲಿ ಒಂದು ಚಾನೆಲ್‌ಗೆ ಸಿಗುವುದು ಸುಮಾರು 20 ವಾಟ್.

ಈಗ ನಿಮ್ಮ ಫ್ಯೂಸ್ ವಿಷಯ. ಕಾರಿನ ಬ್ಲೇಡ್ ಫ್ಯೂಸ್ ತಾಳ್ಮೆಯ ವಸ್ತು. ಅದರ ಮಿತಿಗಿಂತ ನೂರಕ್ಕೆ 10ರಷ್ಟು ಜಾಸ್ತಿ ಹರಿದರೆ 100 ಗಂಟೆಯಾದರೂ ತಡೆಯಬೇಕು ಎಂಬ ಲೆಕ್ಕದಲ್ಲಿ ಮಾಡಿರುತ್ತಾರೆ. ನೂರಕ್ಕೆ 35ರಷ್ಟು ಜಾಸ್ತಿಯಾದರೆ 10 ನಿಮಿಷದವರೆಗೂ ಉಳಿಯಬಹುದು. ದುಪ್ಪಟ್ಟು ಹರಿದರೆ 5 ಸೆಕೆಂಡಿನೊಳಗೆ ಕರಗಬೇಕು. ಒಂದೇ ಒಂದು ಜೋರಾದ ಏಟಿಗೆ ಅದು ಹೋಗುವುದಿಲ್ಲ. ಅಂಥದ್ದು ಎರಡು ಸಲ ಹೋಗಿದೆ ಎಂದರೆ ಮಿತಿ ಮೀರಿದ ಕರೆಂಟ್ ಸಾಕಷ್ಟು ಹೊತ್ತು ಹರಿದಿದೆ ಎಂದೇ ಅರ್ಥ.

ಎಲ್ಲಿಂದ ಬಂತು? ನನ್ನ ಅನುಮಾನ ಎರಡನೇ ಸಬ್‌ವೂಫರ್ ಮೇಲೆ. ಎರಡೂ 4 ಓಮ್‌ನವಾಗಿದ್ದು ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿದ್ದರೆ ಒಟ್ಟು 2 ಓಮ್ ಆಗುತ್ತದೆ. ಆಗ ಆಂಪ್ಲಿಫೈಯರ್ ಅದೇ ವಾಲ್ಯೂಮ್‌ಗೆ ಸುಮಾರು ಎರಡು ಪಟ್ಟು ಕರೆಂಟ್ ಕೊಡಬೇಕು. ಬ್ರಿಜ್ ಮಾಡಿದಾಗ, ಅಂದರೆ ಎರಡು ಚಾನೆಲ್ ಸೇರಿಸಿ ಒಂದಾಗಿ ಬಳಸಿದಾಗ, 4 ಓಮ್‌ಗಿಂತ ಕೆಳಗೆ ಹೋಗಬಾರದು ಎನ್ನುವ ಆಂಪ್ಲಿಫೈಯರ್‌ಗಳು ಬಹಳ. ನಿಮ್ಮದರ ಕೈಪಿಡಿಯಲ್ಲಿ ಕನಿಷ್ಠ ಓಮ್ ಎಷ್ಟು ಎಂದು ಮೊದಲು ನೋಡಿ. ಹೊಂದದಿದ್ದರೆ ಎರಡನ್ನೂ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಜೋಡಿಸಿ, 8 ಓಮ್ ಆಗುತ್ತದೆ. ಸದ್ದು ಸ್ವಲ್ಪ ಕಡಿಮೆಯಾಗಬಹುದು, ಆಂಪ್ಲಿಫೈಯರ್ ಉಳಿಯುತ್ತದೆ. ಫ್ಯೂಸ್ ಕೂರುವ ಜಾಗವನ್ನೂ ಮುಟ್ಟಿ ನೋಡಿ. ಅದು ಸಡಿಲವಾಗಿದ್ದರೆ ಅಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ, ಮಿತಿಯೊಳಗಿದ್ದರೂ ಫ್ಯೂಸ್ ಹೋಗುತ್ತದೆ.

40ರದ್ದು ಎರಡು ಹಾಕಿದರೆ ದಾರಿ 80 ಆಂಪಿಯರ್‌ಗೆ ತೆರೆಯುತ್ತದೆ. ಒಳಗಿನ ಪವರ್ ಸಪ್ಲೈ ಅಷ್ಟಕ್ಕೆ ಮಾಡಿದ್ದಲ್ಲ. ಫ್ಯೂಸ್ ಸುಡಬೇಕಾದ ಕಡೆ ಟ್ರಾನ್ಸಿಸ್ಟರ್‌ಗಳು ಸುಡುತ್ತವೆ. ಬಿಸಿಯೂ ಕರೆಂಟ್‌ನಷ್ಟೇ ಏರುವುದಿಲ್ಲ, ಅದರ ವರ್ಗದಂತೆ (ಅದನ್ನು ಅದರಿಂದಲೇ ಗುಣಿಸಿದಷ್ಟು) ಏರುತ್ತದೆ. 60ರಿಂದ 80ಕ್ಕೆ ಹೋದರೆ ವೈರಿನ ಬಿಸಿ ಸುಮಾರು 1.8 ಪಟ್ಟು.

ವೈರನ್ನು ಕಾಯುವ ಫ್ಯೂಸ್ ಬೇರೆಯೇ ಇರಬೇಕು, ಅದು ಬ್ಯಾಟರಿಯ ಹತ್ತಿರ, ಒಂದೂವರೆ ಅಡಿಯೊಳಗೆ. ಆ ವೈರ್ ಎಲ್ಲಾದರೂ ಉಜ್ಜಿ ಕಾರಿನ ಬಾಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಆಂಪ್ಲಿಫೈಯರ್‌ನ ಫ್ಯೂಸ್ ಇನ್ನೊಂದು ತುದಿಯಲ್ಲಿರುವುದರಿಂದ ಏನೂ ಮಾಡಲಾರದು. ಬ್ಯಾಟರಿ ಬಳಿಯ ಫ್ಯೂಸನ್ನು ವೈರ್ ತಡೆಯುವಷ್ಟಕ್ಕೆ ಆರಿಸಬೇಕು. ನಿಮ್ಮದು 8 ಗೇಜ್ (ವೈರಿನ ದಪ್ಪದ ಅಳತೆ) ಅಪ್ಪಟ ತಾಮ್ರವಾದರೆ 60 ಆಂಪಿಯರ್‌ಗೆ ಮೀರಬೇಡಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರಾದರೆ ಅದು ಸಾಗಿಸುವುದು ಇನ್ನೂ ಕಡಿಮೆ, ಒಂದು ಗಾತ್ರ ದಪ್ಪದ್ದು ಬೇಕು.

ಇವತ್ತೇ ಬಾನೆಟ್ ಎತ್ತಿ ಆ ಫ್ಯೂಸ್ ಇದೆಯೇ ನೋಡಿ. ಇಲ್ಲದಿದ್ದರೆ, ಅದನ್ನು ಹಾಕಿಸುವವರೆಗೆ ಆಂಪ್ಲಿಫೈಯರ್‌ನ ವೈರನ್ನು ಬ್ಯಾಟರಿಯಿಂದ ಬಿಚ್ಚಿಡಿ.